ಫೇಲಾಗಿದ್ದು ತಪ್ಪಲ್ಲ, ಬಚ್ಚಿಟ್ಟರೆ ಕಷ್ಟ

ಮಗಳು ಮದುವೆಯಾಗಿ ಅಮೆರಿಕದ ಟೆಕ್ಸಾಸ್‌ಗೆ ಹೋಗಿ ಒಂಬತ್ತು ವರ್ಷವಾಯಿತು. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಚಿಕ್ಕಂದಿನ ಆಸೆಯಂತೆ ಪೈಲಟ್ ತರಬೇತಿಗೆ ಸೇರಿದಳು. ಅಳಿಯಂದಿರ ಉಳಿತಾಯವೆಲ್ಲ ಅದಕ್ಕೇ ಹೋಗಿದೆ. ಮೊದಲ ಲೈಸೆನ್ಸಿನ ಹಾರಾಟ ಪರೀಕ್ಷೆಯಲ್ಲಿ ಒಮ್ಮೆ, ಇನ್‌ಸ್ಟ್ರುಮೆಂಟ್ ರೇಟಿಂಗ್‌ನಲ್ಲಿ ಒಮ್ಮೆ ಫೇಲಾಗಿ, ಆಮೇಲೆ ಎರಡನ್ನೂ ಪಾಸ್ ಮಾಡಿಕೊಂಡಳು. ಈಗ ‘ಯಾವ ಏರ್‌ಲೈನ್‌ನವರೂ ನನ್ನ ತಗೊಳ್ಳಲ್ಲಮ್ಮ’ ಅಂತ ಫೋನಿನಲ್ಲಿ ಅಳುತ್ತಾಳೆ. ಅರ್ಜಿಯಲ್ಲಿ ಅದನ್ನು ಬರೆಯಬೇಡ ಅಂತ ಜೊತೆಯವರು ಹೇಳಿದ್ದಾರಂತೆ. ಬೀಗರು ‘ಸಾಕು, ಬಿಡಿಸಿ’ ಅನ್ನುತ್ತಿದ್ದಾರೆ. ನಾನೇನು ಹೇಳಲಿ?
– ಹೆಸರು ಬೇಡ, ದಾವಣಗೆರೆ

ನಿಮ್ಮ ಸಂಕಟ ಅರ್ಥವಾಗುತ್ತದೆ ತಾಯಿ. ಮೊದಲು ಸಮಾಧಾನದ ಮಾತು: ಎರಡು ಸಲ ಫೇಲಾದ ಮಾತ್ರಕ್ಕೆ ಏರ್‌ಲೈನ್ ಬಾಗಿಲು ಮುಚ್ಚುವುದಿಲ್ಲ. ಆದರೆ ಜೊತೆಯವರ ಸಲಹೆ ಕೇಳಿದರೆ ಖಂಡಿತ ಮುಚ್ಚಬಹುದು. ಯಾಕೆ ಅಂತ ನೋಡೋಣ.

ಅಲ್ಲಿ ಈ ಪರೀಕ್ಷೆಗೆ ‘ಚೆಕ್ ರೈಡ್’ ಅನ್ನುತ್ತಾರೆ. ಮೊದಲು ಪರೀಕ್ಷಕರು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ, ನಂತರ ವಿಮಾನದಲ್ಲಿ ಪಕ್ಕ ಕೂತು ನೋಡುತ್ತಾರೆ. ಒಂದು ಅಂಶದಲ್ಲಿ ಎಡವಿದರೂ ಫೇಲ್. ಆಮೇಲೆ ಶಿಕ್ಷಕರಿಂದ ಮತ್ತೆ ತರಬೇತಿ ಪಡೆದು, ಅವರ ಸಹಿಯೊಂದಿಗೆ ಪುನಃ ಹೋಗಬೇಕು. 60 ದಿನದೊಳಗೆ ಹೋದರೆ ಪಾಸಾದ ಭಾಗವನ್ನು ಸಾಮಾನ್ಯವಾಗಿ ಮತ್ತೆ ಮಾಡಬೇಕಿಲ್ಲ. ಹವಾಮಾನ ಕೆಟ್ಟು ಅರ್ಧಕ್ಕೆ ನಿಂತರೆ ಅದು ಫೇಲ್ ಅಲ್ಲ.

ಫೇಲಾದ ದಾಖಲೆ ಮಾತ್ರ ಅಳಿಸುವುದಿಲ್ಲ. ಇದರ ಹಿಂದೆ ದುಃಖದ ಕಥೆಯಿದೆ. 2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಮನೆಯೊಂದರ ಮೇಲೆ ಬಿದ್ದು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಮಂದಿ ಸತ್ತರು. ಕ್ಯಾಪ್ಟನ್ ಹಲವು ಪರೀಕ್ಷೆಗಳಲ್ಲಿ ಫೇಲಾಗಿದ್ದರು, ಕೆಲಸದ ಅರ್ಜಿಯಲ್ಲಿ ಎಲ್ಲವನ್ನೂ ಬರೆದಿರಲಿಲ್ಲ ಅನ್ನುವುದು ತನಿಖೆಯಲ್ಲಿ ಹೊರಬಂತು. ಸತ್ತವರ ಮನೆಯವರು ಪಟ್ಟುಹಿಡಿದು ಹೋರಾಡಿದರು. ಅದರ ಫಲವಾಗಿ 2010ರಲ್ಲಿ ಕಾನೂನು ಬಂತು: ಪ್ರತಿ ಪೈಲಟ್‌ನ ದಾಖಲೆಯೂ ಒಂದೇ ಕಡೆ ಇರಬೇಕು ಅಂತ.

ಆ ವ್ಯವಸ್ಥೆ ಸಿದ್ಧವಾಗಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ 2019ರಲ್ಲಿ ಟೆಕ್ಸಾಸ್‌ನಲ್ಲೇ ಅಟ್ಲಾಸ್ ಏರ್‌ನ ಸರಕು ವಿಮಾನ ಬಿದ್ದು ಮೂವರು ಸತ್ತರು. ಅಲ್ಲೂ ಸಹಪೈಲಟ್ ಹಿಂದಿನ ತರಬೇತಿಯ ವೈಫಲ್ಯಗಳನ್ನು ಮುಚ್ಚಿಟ್ಟಿದ್ದರು. ಕೊನೆಗೆ 2021ರಲ್ಲಿ ‘ಪೈಲಟ್ ರೆಕಾರ್ಡ್ಸ್ ಡೇಟಾಬೇಸ್’ನ ನಿಯಮ ಹೊರಬಿತ್ತು. 2024ರ ಸೆಪ್ಟೆಂಬರ್‌ನಿಂದ ಹಳೆಯ ಪದ್ಧತಿ ಹೋಗಿ ಇದೊಂದೇ ಉಳಿದಿದೆ. ಕೆಲಸಕ್ಕಿಟ್ಟುಕೊಳ್ಳುವ ಏರ್‌ಲೈನ್, ಪೈಲಟ್‌ನ ಒಪ್ಪಿಗೆ ಪಡೆದು ಇದನ್ನು ನೋಡಲೇಬೇಕು. ಹಾರಾಟ ಪರೀಕ್ಷೆಯಲ್ಲಿ ಫೇಲಾದದ್ದೂ ಅದರಲ್ಲಿ ಕಾಣುತ್ತದೆ. ಹೀಗಿರುವಾಗ ಬರೆಯದೆ ಬಿಟ್ಟರೆ ಏನಾಗುತ್ತೆ ಹೇಳಿ? ಫೇಲಾದದ್ದಕ್ಕೆ ಕ್ಷಮೆ ಇದೆ, ಸುಳ್ಳಿಗೆ ಇಲ್ಲ. ಕೆಲಸ ಸಿಕ್ಕ ಮೇಲೆ ಗೊತ್ತಾದರೂ ಮನೆಗೆ ಕಳಿಸಬಹುದು.

ಹಾಗಾದರೆ ಏರ್‌ಲೈನ್‌ನವರು ಏನು ನೋಡುತ್ತಾರೆ? ಎಷ್ಟು ಸಲ ಫೇಲ್, ಎಷ್ಟು ಹಿಂದೆ, ಅದೇ ತಪ್ಪು ಮತ್ತೆ ಮತ್ತೆ ಆಗಿದೆಯೇ ಅಂತ. ಕಲಿಕೆಯ ಆರಂಭದಲ್ಲಿ ಒಂದೆರಡು ಸಲ ಎಡವಿದವರು ಅಲ್ಲಿ ಕೆಲಸಕ್ಕೆ ಸೇರಿದ್ದಾರೆ. ನಾಲ್ಕೈದಾದರೆ ದಾರಿ ಕಿರಿದಾಗುತ್ತದೆ. ಏರ್‌ಲೈನ್ ಸೇರಿದ ಮೇಲೆ ಅಲ್ಲಿನ ತರಬೇತಿಯಲ್ಲಿ ಫೇಲಾದರೆ ಅದು ಇನ್ನೂ ಭಾರ. ಪೈಲಟ್‌ಗಳ ಕೊರತೆ ಇದ್ದಾಗ ಸಡಿಲ, ಅರ್ಜಿಗಳು ತುಂಬಿದಾಗ ಬಿಗಿ ಅನ್ನುವುದೂ ನಿಜ. ಹಾಗಾಗಿ ಮುಂದಿನ ಪರೀಕ್ಷೆಗಳು ನಿಮ್ಮ ಮಗಳಿಗೆ ಮುಖ್ಯ.

ಅವಳಿಗೆ ನಾಲ್ಕು ಮಾತು ಹೇಳಿ:

* ಡೇಟಾಬೇಸ್‌ನಲ್ಲಿರುವ ತನ್ನ ದಾಖಲೆಯನ್ನು ತಾನೇ ತೆರೆದು ನೋಡಲಿ. ತಪ್ಪಿದ್ದರೆ ಸರಿಪಡಿಸಲು ಕೇಳುವ ಅವಕಾಶವಿದೆ.

* ಫೇಲಾದ ದಿನಾಂಕ, ಎಡವಿದ ಅಂಶ, ನಂತರ ತಿದ್ದಿಕೊಂಡ ಬಗೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಸಂದರ್ಶನದಲ್ಲಿ ಈ ಪ್ರಶ್ನೆ ಬರುತ್ತದೆ. ‘ಪರೀಕ್ಷಕರು ಸರಿಯಿರಲಿಲ್ಲ, ಗಾಳಿ ಇತ್ತು’ ಅನ್ನಬಾರದು. ‘ಇಲ್ಲಿ ತಪ್ಪಿದೆ, ಹೀಗೆ ಕಲಿತೆ’ ಅಂದರೆ ಸಾಕು.

* ಸಿದ್ಧತೆ ಇಲ್ಲದೆ ಮುಂದಿನ ಪರೀಕ್ಷೆಗೆ ಹೋಗುವುದು ಬೇಡ. ದುಡ್ಡು ಖರ್ಚಾಗುತ್ತಿದೆ ಅನ್ನುವ ಅವಸರವೇ ಎಷ್ಟೋ ಸಲ ಫೇಲ್ ಮಾಡಿಸುತ್ತದೆ. ಬೇರೆ ಶಿಕ್ಷಕರೊಬ್ಬರಿಂದ ಅಣಕು ಪರೀಕ್ಷೆ ಮಾಡಿಸಿಕೊಳ್ಳಲಿ.

* ಅಲ್ಲಿ ಏರ್‌ಲೈನ್ ಪೈಲಟ್ ಆಗಲು ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು. ಹಲವರು ಶಿಕ್ಷಕರಾಗಿ ದುಡಿಯುತ್ತಲೇ ಅದನ್ನು ಮುಗಿಸುತ್ತಾರೆ. ಅಷ್ಟರಲ್ಲಿ ಒಳ್ಳೆಯ ದಾಖಲೆ ಕಟ್ಟಿಕೊಳ್ಳಲು ಸಮಯವಿದೆ.

ಇನ್ನು ಬೀಗರ ಮಾತು. ದುಡ್ಡಿನ ಚಿಂತೆ ಅವರಿಗೂ ಇರುತ್ತದೆ, ಕೋಪ ಬೇಡ. ಆದರೆ ನಿರ್ಧಾರ ಮಗಳು–ಅಳಿಯಂದಿರದು. ಇನ್ನೆಷ್ಟು ಖರ್ಚು, ಎಲ್ಲಿಯವರೆಗೆ ಅಂತ ಇಬ್ಬರೂ ಕೂತು ಲೆಕ್ಕ ಹಾಕಲಿ. ಒಂದು ವೇಳೆ ಬಿಡುವುದೇ ಆದರೆ ಆ ಲೆಕ್ಕ ನೋಡಿ ಬಿಡಲಿ, ನಾಚಿಕೆಯಿಂದ ಬಿಡುವುದು ಬೇಡ.

ಇವತ್ತು ರಾತ್ರಿ ಫೋನ್ ಬಂದಾಗ ‘ಫೇಲಾದೆ’ ಅನ್ನುವುದನ್ನು ನಿಮ್ಮ ಹತ್ತಿರ ಹೇಳುವ ಧೈರ್ಯ ಮಾಡಿದಳಲ್ಲ, ಅದಕ್ಕೆ ಮೊದಲು ಶಹಬ್ಬಾಸ್ ಅನ್ನಿ. ಅದೇ ಧೈರ್ಯದಿಂದ ಅರ್ಜಿಯನ್ನೂ ತುಂಬಲಿ. ಒಳ್ಳೆಯದಾಗಲಿ.