ಹೆಗಲಿಗೊಂದು ಚೀಲ, ದೂರದ ಪೆರು

ಮನಗೂಳಿಗೆ ಹೋಗಿದ್ದಾಗ ಪರಿಚಯದವರೊಬ್ಬರು ಮಗಳನ್ನು ಕರೆತಂದು ನನ್ನೆದುರು ಕೂಡಿಸಿದರು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ.

'ಸರ, ಈಕಿಗೆ ನೀವರೆ ಸ್ವಲ್ಪ ಬುದ್ಧಿ ಹೇಳ್ರಿ. ಪೆರು ಅಂತ ಎಲ್ಲೋ ಒಂದು ದೇಶ ಐತೆಂತ. ಹೆಗಲಿಗೆ ಚೀಲ ಹಾಕ್ಕೊಂಡು ಹೊಕ್ಕೀನಿ ಅಂತಾಳ. ವಿಜಾಪುರಕ್ಕ ಹೋಗಿ ಮನಗೂಳಿ ಅಗಸಿ ದಾಟೂದ ನಮಗ ದೊಡ್ಡ ಪ್ರವಾಸ!'

ಹುಡುಗಿ ತಲೆ ತಗ್ಗಿಸಲಿಲ್ಲ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಪ್ರವಾಸಕಥನವನ್ನು ಓದಿ ಮುಗಿಸಿದ್ದಳು. 'ಅಪ್ಪನ ರೊಕ್ಕ ಬ್ಯಾಡ ಸರ. ನೌಕರಿ ಮಾಡಿ, ಉಳಿಸಿ ಹೊಕ್ಕೀನಿ. ಅಂವ ಹೂಂ ಅಂದ್ರ ಸಾಕು' ಎಂದಳು.

ಹಾಗಾದರೆ ಬುದ್ಧಿ ಹೇಳುವ ಕೆಲಸ ನನಗೆ ಉಳಿಯಲಿಲ್ಲ, ಲೆಕ್ಕ ಹೇಳುವ ಕೆಲಸ ಉಳಿಯಿತು. ಇಂಥ ಮಕ್ಕಳು ಇನ್ನೂ ಕೆಲವರ ಮನೆಯಲ್ಲಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವಿಮಾನದ ಮಾತು. ಭಾರತದಿಂದ ಪೆರುವಿನ ರಾಜಧಾನಿ ಲಿಮಾಕ್ಕೆ ನೇರ ವಿಮಾನವಿಲ್ಲ. ಎಲ್ಲಾದರೂ ಇಳಿದು ಹತ್ತಲೇಬೇಕು. ಹೋಗಿಬರುವ ಟಿಕೆಟ್ಟೇ ಲಕ್ಷ ದಾಟುತ್ತದೆ. ಅಷ್ಟು ಸುರಿದು ಒಂದು ವಾರಕ್ಕೆ ಹೋಗಿ ಬರುವುದು ದಡ್ಡತನ. ಹೋದ ಮೇಲೆ ಒಂದು ತಿಂಗಳು ಇರಬೇಕು. ಒಳಗಿನ ಖರ್ಚನ್ನು ಹಿಡಿತದಲ್ಲಿಡಲು ಅಲ್ಲಿ ದಾರಿಗಳಿವೆ. ಮಧ್ಯಾಹ್ನ ಸಣ್ಣ ಖಾನಾವಳಿಗಳಲ್ಲಿ ಸೂಪು, ಒಂದು ತಟ್ಟೆ ಊಟ, ಕುಡಿಯಲು ಶರಬತ್ತು ಸೇರಿಸಿ ಒಂದೇ ದರಕ್ಕೆ ಕೊಡುತ್ತಾರೆ. ಕುಸ್ಕೊ ನಗರದ ಸಾನ್ ಪೆದ್ರೊ ಸಂತೆಯಲ್ಲಿ ಬೆಂಚಿನ ಮೇಲೆ ಕುಳಿತು ಉಂಡರೆ ಇನ್ನೂ ಅಗ್ಗ. ಊರಿಂದೂರಿಗೆ 'ಕೊಲೆಕ್ತಿವೊ' ಎಂಬ ವ್ಯಾನುಗಳು ಓಡುತ್ತವೆ. ಮಂದಿ ತುಂಬುವ ತನಕ ಹೊರಡುವುದಿಲ್ಲ, ನಮ್ಮ ಟಂಟಂಗಳ ಅಣ್ಣತಮ್ಮಂದಿರೇ. ಲಿಮಾದಿಂದ ಕುಸ್ಕೊಗೆ ಬಸ್ಸಿನಲ್ಲಿ ಇಪ್ಪತ್ತು ತಾಸಿಗೂ ಹೆಚ್ಚು. ಬಸ್ಸಿನಲ್ಲೇ ರಾತ್ರಿ ಕಳೆದರೆ ಒಂದು ದಿನದ ಕೋಣೆ ಬಾಡಿಗೆ ಉಳಿಯಿತು. ಚೀಲವನ್ನು ಮಾತ್ರ ತಲೆಯ ಮೇಲಿನ ಅಟ್ಟಣಿಗೆಯಲ್ಲಿ ಇಡಬಾರದು, ಕಾಲಿಗೆ ಸಿಕ್ಕಿಸಿಕೊಂಡು ಮಲಗಬೇಕು.

ರೊಕ್ಕ ಉಳಿಸಲು ಹೋಗಿ ಆರೋಗ್ಯ ಕಳೆದುಕೊಳ್ಳುವುದು ಎತ್ತರದ ವಿಷಯದಲ್ಲಿ. ನಮ್ಮ ವಿಜಾಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್. ಕರ್ನಾಟಕದ ಅತ್ಯಂತ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930. ಕುಸ್ಕೊ 3,400! ಇಳಿದ ಕೂಡಲೇ ತಲೆನೋವು, ವಾಕರಿಕೆ, ನಾಲ್ಕು ಮೆಟ್ಟಿಲಿಗೆ ಏದುಸಿರು. ಕುಸ್ಕೊದಲ್ಲಿ ನಿಲ್ಲದೆ, ಮೊದಲೆರಡು ದಿನ ಅದಕ್ಕಿಂತ ತಗ್ಗಿನಲ್ಲಿರುವ ಪವಿತ್ರ ಕಣಿವೆಯ ಊರುಗಳಲ್ಲಿ ಮಲಗಿ ಆಮೇಲೆ ಮೇಲಕ್ಕೆ ಬರುವುದು ಜಾಣತನ. ಅಲ್ಲಿಯವರು ಕೋಕಾ ಎಲೆಯ ಚಹಾ ಕೊಡುತ್ತಾರೆ. ಅಲ್ಲಿ ಅದು ದಿನಬಳಕೆಯದು. ಆದರೆ ಒಂದೇ ಒಂದು ಎಲೆಯೂ ಚೀಲದೊಳಗೆ ಉಳಿದು ಊರಿಗೆ ಬರಬಾರದು, ನಮ್ಮಲ್ಲಿ ಅದು ಅಪರಾಧ.

ಮಾಚು ಪಿಚು ನೋಡದೆ ಬರುವಂತಿಲ್ಲ. ಹೈರಮ್ ಬಿಂಗ್ಹ್ಯಾಮ್ 1911ರಲ್ಲಿ ಹೊರಜಗತ್ತಿಗೆ ತೋರಿಸಿದ ಈ ಇಂಕಾ ನೆಲೆಯ ಬುಡದ ಊರಿಗೆ ಕುಸ್ಕೊದಿಂದ ಪೂರ್ತಿ ರಸ್ತೆಯಿಲ್ಲ. ರೈಲಿದೆ, ಪರದೇಶಿಯರಿಗೆ ಅದರ ದರ ವಿಪರೀತ. ಬಡ ಪ್ರವಾಸಿಗಳು ವ್ಯಾನಿನಲ್ಲಿ ಜಲವಿದ್ಯುತ್ ಕೇಂದ್ರದವರೆಗೆ ಹೋಗಿ, ಅಲ್ಲಿಂದ ರೈಲು ಹಳಿಯ ಪಕ್ಕದಲ್ಲೇ ಹತ್ತು ಕಿಲೋಮೀಟರಿನಷ್ಟು ನಡೆಯುತ್ತಾರೆ. ಎರಡು ಮೂರು ತಾಸು. ಶ್ರೀಶೈಲಕ್ಕೆ ನಡೆದು ಹೋಗುವವರ ನಾಡಿನ ಹುಡುಗಿಗೆ ಅದೇನು ಮಹಾ! ಆದರೆ ಮೇಲಿನ ಪ್ರವೇಶಕ್ಕೆ ದಿನಕ್ಕಿಷ್ಟೇ ಜನ ಎಂಬ ಮಿತಿಯಿದೆ, ಚೀಟಿ ಮೊದಲೇ ತೆಗೆದಿಡಬೇಕು. 2023ರ ಜನವರಿಯಲ್ಲಿ ರಾಜಕೀಯ ಗಲಭೆಯಿಂದ ಅದನ್ನು ಮುಚ್ಚಿಯೇ ಬಿಟ್ಟಿದ್ದರು, ತೆರೆದದ್ದು ಫೆಬ್ರುವರಿಯಲ್ಲಿ. ಆದ್ದರಿಂದ ನಾಲ್ಕು ದಿನ, ನಾಲ್ಕು ಕಾಸು ಕೈಯಲ್ಲಿ ಹೆಚ್ಚಿಗೆ ಇರಲಿ.

'ಊಟಕ್ಕ ಏನ್ ಮಾಡ್ತಾಳ?' ಎಂದು ಒಳಗಿನಿಂದ ತಾಯಿಯ ದನಿ ಬಂತು. ಸಸ್ಯಾಹಾರಿಗೆ ತೊಂದರೆ ಉಂಟು. 'ಮಾಂಸ ಬೇಡ' ಎಂದರೆ ಕೋಳಿ ಹಾಕಿ ಕೊಟ್ಟಾರು, ಅಲ್ಲಿ ಎಷ್ಟೋ ಜನರಿಗೆ ಮಾಂಸ ಅಂದರೆ ದನದ್ದು ಮಾತ್ರ. ಎರಡನ್ನೂ ಹೆಸರು ಹಿಡಿದು ಬೇಡವೆನ್ನಬೇಕು. ಸೂಪಿನ ನೀರಿನ ಬಗ್ಗೆ ಬೇರೆಯಾಗಿ ಕೇಳಬೇಕು. ಆಲೂಗಡ್ಡೆಗಂತೂ ಬರವಿಲ್ಲ, ಅದರ ತವರೇ ಆ ಬೆಟ್ಟಗಳು. 'ಶೇಂಗಾ ಹಿಂಡಿ ಕಟ್ಟಿಕೊಡ್ತೀನಿ' ಎಂದರು ತಾಯಿ. ಶೇಂಗಾ ನಮ್ಮಲ್ಲಿಗೆ ಬಂದದ್ದೇ ದಕ್ಷಿಣ ಅಮೆರಿಕದಿಂದ. 1987ರಲ್ಲಿ ಪೆರುವಿನ ಸಿಪಾನ್‌ನಲ್ಲಿ ಅಗೆದ ಹಳೆಯ ದೊರೆಯ ಗೋರಿಯಲ್ಲಿ ಬಂಗಾರ, ಬೆಳ್ಳಿಯ ಶೇಂಗಾಕಾಯಿಗಳ ಸರ ಸಿಕ್ಕಿತು. ತಾಯಿ ಬಾಗಿಲಿಗೆ ಬಂದು ನಿಂತು ಕೇಳಿದರು. ಖಡಕ್ ರೊಟ್ಟಿಯನ್ನೂ ಒಯ್ಯಬಹುದು, ಆದರೆ ವಿಮಾನ ನಿಲ್ದಾಣದಲ್ಲಿ ಕೇಳಿದರೆ ಮುಚ್ಚಿಡಬಾರದು.

ಇನ್ನು ಕಾಗದಪತ್ರ. ವೀಸಾದ ಕೆಲಸಕ್ಕೆ ಪೆರುವಿನ ರಾಯಭಾರ ಕಚೇರಿ ದಿಲ್ಲಿಯಲ್ಲಿದೆ. ಬಹಳ ಜನ ಮರೆಯುವುದು ಹಳದಿ ಜ್ವರದ ಲಸಿಕೆ. ಅದನ್ನು ಕೇಳುವುದು ಹಿಂತಿರುಗುವಾಗ, ನಮ್ಮದೇ ಸರಕಾರ! ಪ್ರಮಾಣಪತ್ರವಿಲ್ಲದೆ ಆ ದೇಶದಿಂದ ಬಂದಿಳಿದರೆ ಆರು ದಿನದವರೆಗೆ ಬೇರೆಯಾಗಿ ಇರಿಸಬಹುದು. ಹೊರಡುವ ಹತ್ತು ದಿನ ಮೊದಲೇ ಹಾಕಿಸಬೇಕು. ಅದೂ ಸರಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ, ಬೆಂಗಳೂರಿನಲ್ಲಿ ಇದೆ.

ತಂದೆ ಇಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: 'ದಿನಾ ಫೋನ್ ಹತ್ತತೈತೇನ್ರಿ?' ಪೆರು ನಮಗಿಂತ ಹತ್ತೂವರೆ ತಾಸು ಹಿಂದೆ. ಮನಗೂಳಿಯಲ್ಲಿ ಸಂಜೆ ಏಳಕ್ಕೆ ದೀಪ ಹಚ್ಚುವಾಗ ಅಲ್ಲಿ ಬೆಳಗಿನ ಎಂಟೂವರೆ. ಮಗಳು ಕೋಣೆಯಿಂದ ಹೊರಬೀಳುವ ಮುಂಚೆ ಮಾತಾಡಬಹುದು. ಕತ್ತಲಾದ ಮೇಲೆ ಹೊಸ ಊರಿಗೆ ಇಳಿಯುವುದಿಲ್ಲ ಎಂಬ ಕರಾರನ್ನು ಆಕೆಯೇ ಹಾಕಿಕೊಂಡಳು.

ಆದರೂ ಹೂಂ ಬರಲಿಲ್ಲ. ಆಗ ನಾನೊಂದು ಪರೀಕ್ಷೆ ಇಟ್ಟೆ. ಗೆಳತಿಯೊಬ್ಬಳ ಜೊತೆ ನಾಲ್ಕು ದಿನ ಬಸವನ ಬಾಗೇವಾಡಿ, ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ. ಒಬ್ಬೊಬ್ಬರಿಗೆ ಎರಡು ಸಾವಿರ ರೂಪಾಯಿ, ಒಂದು ಚೀಲ, ಮನೆಯಿಂದ ಯಾರೂ ಬರುವಂತಿಲ್ಲ. ಖರ್ಚೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲವಾದ್ದರಿಂದ ಪರೀಕ್ಷೆ ಸ್ವಲ್ಪ ಸಲೀಸೇ ಆಯಿತೆನ್ನಿ.

ಹೋಗಿ ಬಂದಳು. ಮೊನ್ನೆ ತಂದೆಯ ಫೋನು: 'ಸರ, ಇನ್ನೂರಾ ಎಂಬತ್ತು ಉಳಿಸ್ಯಾಳ್ರಿ. ಆದ್ರ ಲೆಕ್ಕದಾಗ ಹನ್ನೆರಡು ರೂಪಾಯಿ ತಾಳಿ ಆಗವಲ್ದು. ಅದನ್ನ ಹುಡುಕ್ಲಿಕ್ಕೆ ಹಚ್ಚೀನಿ. ಅದು ಸಿಗೂತನಾ... ಆ ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕಂತ ಹೇಳ್ರಿ.'