ಮಗಳ ಮೊದಲ ‘ಬಾಡಿ’ಗೂ ಅಳತೆ ಬೇಕು

ಸೇಡಂನಲ್ಲಾಗಲಿ ಚಿತ್ತಾಪುರದಲ್ಲಾಗಲಿ ಒಂದು ಜಂಪರ್ ಹೊಲಿಸಲು ಕೊಟ್ಟರೆ ತೋಳು, ಕೊರಳು, ಸುತ್ತಳತೆ ಎಲ್ಲ ಟೇಪ್ ಹಿಡಿದು ಬರೆದುಕೊಳ್ಳುತ್ತಾರೆ. ಚಪ್ಪಲಿಯನ್ನಂತೂ ಕಾಲಿಗೆ ಹಾಕಿ ನೋಡದೆ ಯಾರೂ ಕೊಳ್ಳುವುದಿಲ್ಲ. ಆದರೆ ಮಗಳ ಮೈಗೆ ದಿನವಿಡೀ ಅಂಟಿಕೊಂಡಿರುವ ಬ್ರಾ ಮಾತ್ರ ಅಂದಾಜಿನ ಮೇಲೆ ಮನೆಗೆ ಬರುತ್ತದೆ. ಅವ್ವ ಒಬ್ಬಳೇ ಅಂಗಡಿಗೆ ಹೋಗುತ್ತಾಳೆ, ಗಂಡಸು ಗಿರಾಕಿಗಳು ಹೋಗುವವರೆಗೆ ಬಳೆ ನೋಡುತ್ತ ನಿಲ್ಲುತ್ತಾಳೆ, ಆಮೇಲೆ ಸಣ್ಣ ದನಿಯಲ್ಲಿ ‘ಹುಡುಗೀದು ಒಂದು ಬಾಡಿ ಕೊಡ್ರಿ’ ಅನ್ನುತ್ತಾಳೆ. ಪೇಪರಿನಲ್ಲಿ ಸುತ್ತಿದ್ದು ಚೀಲದ ತಳ ಸೇರುತ್ತದೆ. ಬಿಗಿಯಾಯಿತೋ ಸಡಿಲಾಯಿತೋ ಕೇಳುವವರಿಲ್ಲ. ಬದಲಿಸಿಕೊಂಡು ಬರಬೇಕೆಂದರೆ ಮತ್ತೆ ಅದೇ ನಾಚಿಕೆ.

ಈ ಪದ್ಧತಿ ಬಿಡಬೇಕು, ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ಮೊದಲು ಇನ್ನೊಂದು ಮಾತು: ನಮ್ಮಲ್ಲಿ ಬಹಳ ಮನೆಗಳಲ್ಲಿ ಇದನ್ನು ತರುವುದೇ ತಡವಾಗಿ. ‘ದೊಡ್ಡಾಕಿ ಆದಮ್ಯಾಲ ನೋಡಿದ್ರಾಯ್ತು’ ಅನ್ನುತ್ತಾರೆ. ಆದರೆ ಮೈ ಆ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಎದೆ ಮೂಡುವುದು 8ರಿಂದ 13 ವರ್ಷದೊಳಗೆ. ಮುಟ್ಟು ಶುರುವಾಗುವುದು ಸಾಮಾನ್ಯವಾಗಿ ಅದಾದ ಎರಡು ವರ್ಷ ಅಥವಾ ಇನ್ನೂ ಸ್ವಲ್ಪ ತಡವಾಗಿ. ಅಂದರೆ ನಾವು ಮುಟ್ಟಿಗಾಗಿ ಕಾಯುತ್ತ ಕೂತರೆ ಹುಡುಗಿ ಐದನೇ, ಆರನೇ, ಏಳನೇ ತರಗತಿಯನ್ನು ಪಾಟೀಚೀಲ ಎದೆಗೆ ಅಪ್ಪಿಕೊಂಡು, ಬೆನ್ನು ಬಗ್ಗಿಸಿ ನಡೆದೇ ಕಳೆಯುತ್ತಾಳೆ. ಬೆನ್ನು ಬಗ್ಗಿದ್ದಕ್ಕೆ ‘ನೆಟ್ಟಗ ನಡಿ’ ಎಂದು ಬೈಯುವವರೂ ನಾವೇ.

ಮೊದಲು ಮೊಲೆತೊಟ್ಟಿನ ಕೆಳಗೆ ಸಣ್ಣ ಗಟ್ಟಿ ಗಂಟಿನಂತೆ ಕೈಗೆ ಸಿಗುತ್ತದೆ, ಮುಟ್ಟಿದರೆ ನೋಯುತ್ತದೆ. ಎಷ್ಟೋ ಹುಡುಗಿಯರು ಇದನ್ನು ಏನೋ ರೋಗವೆಂದು ಯಾರಿಗೂ ಹೇಳದೆ ಅಂಜುತ್ತಾರೆ. ಅದು ಬೆಳವಣಿಗೆ, ರೋಗವಲ್ಲ. ಒಂದು ಕಡೆ ಮೊದಲು ಬಂದು ಇನ್ನೊಂದು ಕಡೆ ತಿಂಗಳುಗಟ್ಟಲೆ ತಡವಾಗಿ ಬರಬಹುದು, ಎರಡರ ಗಾತ್ರ ಬೇರೆಬೇರೆ ಇರಬಹುದು. ಕೆಂಪಾಗಿ ಊದಿದರೆ, ಜ್ವರ ಬಂದರೆ ಅಥವಾ 8 ವರ್ಷಕ್ಕೆ ಮೊದಲೇ ಎದೆ ಮೂಡಿದರೆ ಮಾತ್ರ ಡಾಕ್ಟರರಿಗೆ ತೋರಿಸಿ.

ಆಟದ ವಿಷಯ ನಮಗೆ ಹೆಚ್ಚು ಬೇಸರ ತರಿಸುತ್ತದೆ. ಖೋ ಖೋದಲ್ಲಿ ಚಿಗರೆಯಂತೆ ಓಡುತ್ತಿದ್ದ ಹುಡುಗಿ ಏಳನೇ ತರಗತಿಗೆ ಬಂದಮೇಲೆ ‘ಹೊಟ್ಟಿ ನೋಯ್ತದ್ರಿ ಸರ್’ ಎಂದು ಗಿಡದ ಬುಡದಲ್ಲಿ ಕೂರುತ್ತಾಳೆ. ಇದು ನಮ್ಮ ಕಡೆ ಮಾತ್ರವಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 11ರಿಂದ 18 ವರ್ಷದ 2,089 ಶಾಲಾ ಹುಡುಗಿಯರನ್ನು ಕೇಳಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಹುಡುಗಿಯರು ಎದೆಯ ಕಾರಣಕ್ಕೆ ಆಟಕ್ಕೆ ತೊಂದರೆಯಾಗುತ್ತದೆ ಎಂದಿದ್ದರು. ಮಿಕ್ಕಿದ್ದೆಲ್ಲ ಇರುವ ದೇಶದ ಪಾಡೇ ಇದಾದರೆ, ಶಹಾಬಾದಿನ ಕಲ್ಲಿನ ಖಣಿ ಪಕ್ಕದ ಶಾಲೆಯ ಹುಡುಗಿಯನ್ನು ಯಾರು ಕೇಳಬೇಕು?

ಇನ್ನು ಅಳತೆ. ಟೇಲರ್ ಟೇಪ್ ಇಲ್ಲದಿದ್ದರೆ ಒಂದು ದಾರ, ಮಗಳ ಕಂಪಾಸಿನ ಸ್ಕೇಲ್ ಸಾಕು. ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಇಂಚಿನಲ್ಲಿ ಅಳೆಯಿರಿ. 29 ಬಂದರೆ 30 ಎಂದು ಹಿಡಿಯಿರಿ. ಆಮೇಲೆ ಎದೆಯ ಉಬ್ಬಿನ ಮೇಲೆ ಅಳೆಯಿರಿ. ಎರಡರ ನಡುವೆ ಒಂದು ಇಂಚು ವ್ಯತ್ಯಾಸ ಇದ್ದರೆ ಎ ಕಪ್, ಎರಡು ಇದ್ದರೆ ಬಿ. ಅಂಗಡಿಯಲ್ಲಿ ‘30 ಎ’ ಎಂದರೆ ಇಷ್ಟೇ. ಅಳತೆಯನ್ನು ಅವಳೇ ತೆಗೆದುಕೊಳ್ಳಲಿ, ಅವ್ವ ದೂರದಿಂದ ಹೇಳಿಕೊಟ್ಟರೆ ಸಾಕು. ಶುರುವಿನಲ್ಲಿ ಕಪ್ ಲೆಕ್ಕವೂ ಬೇಡ. ಹುಕ್ ಇಲ್ಲದ, ತಲೆಯ ಮೇಲಿಂದ ಹಾಕಿಕೊಳ್ಳುವ ಕಾಟನ್ ಬ್ರಾ ಅಥವಾ ದಪ್ಪ ಸ್ಲಿಪ್ ಸಾಕು. ನಮ್ಮ ಕಡೆಯ ಬಿಸಿಲಿಗೆ ಸ್ಪಂಜ್ ಇಟ್ಟದ್ದು, ತಂತಿ ಹಾಕಿದ್ದು ಬೇಡವೇ ಬೇಡ. ಹಾಕಿಕೊಂಡು ಎರಡೂ ಕೈ ಮೇಲೆತ್ತಿದಾಗ ಕೆಳಗಿನ ಪಟ್ಟಿ ಮೇಲೆ ಜಾರಿದರೆ ಸಡಿಲು. ಪಟ್ಟಿಯೊಳಗೆ ಎರಡು ಬೆರಳು ಹೋಗದಿದ್ದರೆ, ಬಿಚ್ಚಿದಾಗ ಆಳವಾದ ಬರೆ ಬಿದ್ದಿದ್ದರೆ ಬಿಗಿ. ಹುಕ್ ಇರುವುದನ್ನು ತಂದರೆ, ಹೊಸದರಲ್ಲಿ ಎಲ್ಲಕ್ಕಿಂತ ಸಡಿಲಾದ ಹುಕ್ಕಿಗೆ ಸರಿಯಾಗುವುದನ್ನೇ ಆರಿಸಿ. ಎಲಾಸ್ಟಿಕ್ ಹಿಗ್ಗಿದಂತೆ ಒಳಗಿನ ಹುಕ್ಕಿಗೆ ಬರಬಹುದು. ‘ಬೆಳೆಯೋ ಹುಡುಗಿ’ ಎಂದು ದೊಡ್ಡ ಸೈಜ್ ತರುವುದು ಯೂನಿಫಾರ್ಮಿಗೆ ನಡೆದೀತು, ಇದಕ್ಕೆ ನಡೆಯದು.

ಹಾಕಿಕೊಳ್ಳದಿದ್ದರೆ ಎದೆ ಜೋತು ಬೀಳುತ್ತದೆ ಎಂದು ಹೆದರಿಸುವುದೂ ಬೇಡ, ಹಾಕಿಕೊಂಡರೆ ಕ್ಯಾನ್ಸರ್ ಎಂಬ ವಾಟ್ಸಾಪ್ ಮಾತೂ ಬೇಡ. ಅಮೆರಿಕದ ಸಿಯಾಟಲ್‌ನಲ್ಲಿ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಬ್ರಾಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಅವಳಿಗೆ ಆರಾಮ ಅನ್ನಿಸಿದರೆ ಹಾಕಲಿ, ರಾತ್ರಿ ಬಿಚ್ಚಿಟ್ಟು ಮಲಗಲಿ.

ನಮ್ಮ ಅಜ್ಜಿಯರಿಗೆ ಇಷ್ಟು ಗುಟ್ಟು ಇರಲಿಲ್ಲ. ಗುಳೇದಗುಡ್ಡದ ಖಣ ತಂದು, ಅಳತೆ ಕೊಟ್ಟು ಕುಪ್ಪಸ ಹೊಲಿಸಿ, ಎದೆಯ ಕೆಳಗೆ ಗಂಟು ಹಾಕಿ, ಮೈಗೆ ತಕ್ಕಂತೆ ಬಿಗಿ ಸಡಿಲು ಮಾಡಿಕೊಳ್ಳುತ್ತಿದ್ದರು. ಅದೇ ಕುಪ್ಪಸ ಅಂಗಳದ ಹಗ್ಗದ ಮೇಲೆ ಎಲ್ಲರ ಎದುರೇ ಒಣಗುತ್ತಿತ್ತು. ಬ್ರಾ ಮಾತ್ರ ಟವೆಲ್ ಕೆಳಗೆ, ಸೀರೆ ಮಡಿಕೆಯ ಒಳಗೆ ಒಣಗಬೇಕು. ಹಸಿ ಹಸಿಯಾಗಿಯೇ ಮೈಗೇರಿ ಎದೆಯ ಕೆಳಗೆ ತುರಿಕೆ, ಬೊಕ್ಕೆ.

ಅಂಗಡಿಯವರಿಗೂ ಒಂದು ಮಾತು. ವಾಡಿ, ಚಿಂಚೋಳಿಯಂಥ ಊರಿನ ಲೇಡೀಸ್ ಸ್ಟೋರ್‌ಗಳಲ್ಲಿ ಕೌಂಟರಿನ ಹಿಂದೆ ಒಬ್ಬ ಹೆಣ್ಣುಮಗಳು ಇದ್ದರೆ, ಒಂದು ಟೇಪ್, ಒಂದು ಪರದೆ ಇದ್ದರೆ, 28 ಮತ್ತು 30ರ ಸೈಜ್ ಇಟ್ಟರೆ ನಿಮಗೇ ಗಿರಾಕಿ ಜಾಸ್ತಿ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪುಕ್ಕಟೆ. ನಿಮ್ಮಲ್ಲಿ ಸಿಗದಿದ್ದರೆ ಕಲಬುರಗಿಗೆ ಹೋಗಿಬರುವುದು ಅವರಿಗೆ ಕಷ್ಟವಿಲ್ಲ.

ಅವ್ವ ಜೊತೆಗಿಲ್ಲದ ಹುಡುಗಿಯರ ಪಾಡು ಬೇರೆ. ತಾಂಡಾಗಳಿಂದ, ಹಳ್ಳಿಗಳಿಂದ ತಂದೆತಾಯಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿರುತ್ತಾರೆ. ಮಗಳು ಅಜ್ಜಿಯ ಹತ್ತಿರವೋ ಹಾಸ್ಟೆಲಿನಲ್ಲೋ ಇರುತ್ತಾಳೆ. ಸರ್ಕಾರ ಶಾಲೆಯಲ್ಲಿ ಯೂನಿಫಾರ್ಮ್, ಶೂ, ಸಾಕ್ಸ್ ಕೊಡುತ್ತದೆ. ‘ಶುಚಿ’ ಯೋಜನೆಯ ಪ್ಯಾಡ್ ಬಂದಾಗ ಮೂಗು ಮುರಿದವರೂ ಈಗ ಸುಮ್ಮನಾಗಿದ್ದಾರೆ. ಹೆಣ್ಣುಮಕ್ಕಳ ಹಾಸ್ಟೆಲಿಗೆ ವರ್ಷಕ್ಕೆ ಮೂರು ಕಾಟನ್ ಬ್ರಾ, ಅಳತೆ ಕೇಳಿ, ಕೊಡುವುದು ದೊಡ್ಡ ಖರ್ಚೇನಲ್ಲ. ಮುಂದಿನ ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಹೆಸರು ಹಿಡಿದೇ ಕೇಳಬೇಕೆಂದು ನಾವು ಹೇಳುತ್ತೇವೆ. ಅಲ್ಲಿಯವರೆಗೆ ಆಶಾ ಅಕ್ಕ, ಅಂಗನವಾಡಿ ಟೀಚರ್, ಚಿಗವ್ವ, ಅತ್ತಿಗೆ, ಯಾರಾದರೊಬ್ಬರು ಆ ಹುಡುಗಿಯನ್ನು ಕರೆದು ಕೇಳಬಹುದು. ಹೆಂಡತಿ ಇಲ್ಲದ ಮನೆಯಲ್ಲಿ ಅಪ್ಪನೇ ದುಡ್ಡು ಕೊಟ್ಟು ‘ಅತ್ತಿ ಜೊತಿ ಹೋಗಿ ನಿನಗ ಬೇಕಾದ್ದು ತಗೊಂಡು ಬಾ’ ಎಂದರೂ ಆಯಿತು. ಏನು ತಂದೆ ಎಂದು ಬಿಚ್ಚಿ ನೋಡುವ ಅಗತ್ಯವಿಲ್ಲ.

ಒಂದಲ್ಲ, ಮೂರು ತನ್ನಿ: ಮೈಮೇಲೆ ಒಂದು, ಒಗೆದಿದ್ದು ಒಂದು, ಒಣಗಿದ್ದು ಒಂದು. ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ, ಈ ವಯಸ್ಸಿನಲ್ಲಿ ಅಳತೆ ಬೇಗ ಬದಲಾಗುತ್ತದೆ. ಒಗೆದದ್ದನ್ನು ಬಿಸಿಲಿಗೇ ಹಾಕಿ.