ಹದಿನೈದು ಗಂಟೆಯ ‘ಅತಿಥಿ’ಗಳು

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಹೋರಾಟವನ್ನು ನಾವು ಗೌರವಧನದ ಜಗಳವೆಂದೇ ಓದುತ್ತ ಬಂದಿದ್ದೇವೆ. ಅದು ಅಷ್ಟೇ ಪ್ರಮಾಣದಲ್ಲಿ ಗಂಟೆಗಳ ಜಗಳವೂ ಹೌದು. ಕೊಳ್ಳೇಗಾಲ, ಹನೂರು, ಯಳಂದೂರಿನಂತಹ ಊರುಗಳಿಂದ ನೋಡಿದಾಗ ಇದು ಸ್ಪಷ್ಟವಾಗುತ್ತದೆ.

2021ರ ಡಿಸೆಂಬರ್‌ನಲ್ಲಿ ಆರಂಭವಾದ ಮುಷ್ಕರಕ್ಕೆ ಸರ್ಕಾರ 2022ರ ಜನವರಿಯಲ್ಲಿ ಉತ್ತರ ನೀಡಿತು. ಯುಜಿಸಿ ಅರ್ಹತೆಯುಳ್ಳವರ ಗೌರವಧನ ತಿಂಗಳಿಗೆ 13 ಸಾವಿರ ರೂಪಾಯಿಯಿಂದ, ಐದು ವರ್ಷ ಸೇವೆ ಪೂರೈಸಿದವರಿಗೆ, 32 ಸಾವಿರಕ್ಕೆ ಏರಿತು. ಪತ್ರಿಕೆಗಳ ತಲೆಬರಹಕ್ಕೆ ಅಷ್ಟು ಸಾಕಿತ್ತು. ಆದರೆ ಅದೇ ಆದೇಶ ವಾರಕ್ಕೆ 8–10 ಗಂಟೆಯಿದ್ದ ಕಾರ್ಯಭಾರವನ್ನು 15ಕ್ಕೆ ಹೆಚ್ಚಿಸಿತು.

ಇಲ್ಲೊಂದು ಸರಳ ಲೆಕ್ಕವಿದೆ. ಒಂದು ಕಾಲೇಜಿನಲ್ಲಿ ಒಂದು ವಿಷಯಕ್ಕೆ ವಾರಕ್ಕೆ 30 ಗಂಟೆ ಪಾಠವಿದೆ ಎನ್ನಿ. ಮೊದಲು ಹತ್ತು ಹತ್ತು ಗಂಟೆಯಂತೆ ಮೂವರು ಪಾಠ ಮಾಡುತ್ತಿದ್ದರು; ಖರ್ಚು 39 ಸಾವಿರ. ಹೊಸ ಪದ್ಧತಿಯಲ್ಲಿ ಇಬ್ಬರು ಸಾಕು. ಖರ್ಚು 64 ಸಾವಿರ. ಇಬ್ಬರ ಆದಾಯ ಎರಡೂವರೆ ಪಟ್ಟು ಬೆಳೆಯಿತು, ಮೂರನೆಯವರದು ಶೂನ್ಯವಾಯಿತು. ಗಂಟೆಯ ಲೆಕ್ಕದಲ್ಲಿ ಏರಿಕೆ ಶೇ 64 ಮಾತ್ರ. ಬೆಂಗಳೂರಿನಲ್ಲಾದರೆ ಆ ಮೂರನೆಯವರು ಖಾಸಗಿ ಕಾಲೇಜೊಂದರ ಬಾಗಿಲು ತಟ್ಟಬಹುದು. ಹನೂರಿನಲ್ಲಿ ಅಂತಹ ಬಾಗಿಲುಗಳೆಷ್ಟಿವೆ? ವಿಭಾಗಗಳು ಚಿಕ್ಕದಾಗಿರುವ ಕಾಲೇಜುಗಳಲ್ಲಿ 15 ಗಂಟೆ ಒಟ್ಟುಗೂಡಿಸುವುದೇ ಪ್ರಯಾಸ.

ಆದರೂ ಸರ್ಕಾರ ತನಗರಿವಿಲ್ಲದೆಯೇ ತನ್ನ ವಾದವನ್ನು ತಾನೇ ದುರ್ಬಲಗೊಳಿಸಿಕೊಂಡಿತು. ‘ಇವರು ಅರೆಕಾಲಿಕರು’ ಎಂಬುದು ಕಡತಗಳಲ್ಲಿ ನಮ್ಮಂಥ ಅಧಿಕಾರಿಗಳ ಪ್ರಿಯ ಷರಾ ಆಗಿತ್ತು. ಯುಜಿಸಿಯ 2018ರ ನಿಯಮಾವಳಿ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಿಧಿಸುವ ಬೋಧನೆ ವಾರಕ್ಕೆ 16 ಗಂಟೆ. ಅತಿಥಿಗೂ ಕಾಯಂ ನೌಕರನಿಗೂ ಉಳಿದ ಅಂತರ ಒಂದೇ ಗಂಟೆ. ಏಳನೇ ವೇತನ ಆಯೋಗದ ಪ್ರಕಾರ ಕಾಯಂ ಹುದ್ದೆಯ ಆರಂಭಿಕ ಮೂಲವೇತನ 57,700 ರೂಪಾಯಿ. ರಜೆಯ ತಿಂಗಳುಗಳಲ್ಲೂ ಅದು ಬರುತ್ತದೆ. ಅತಿಥಿಗೆ ರಜೆಯೆಂದರೆ ಸಂಬಳವಿಲ್ಲದ ಕಾಲ.

2023ರ ನವೆಂಬರ್‌ನಲ್ಲಿ ಮತ್ತೆ ಎದ್ದ ಮುಷ್ಕರದ ಬೇಡಿಕೆ ಸೇವಾ ಕಾಯಮಾತಿ. ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆಯೂ ನಡೆಯಿತು. ದೊರೆತದ್ದು ಸೇವಾವಧಿಯನ್ನನುಸರಿಸಿ 5ರಿಂದ 8 ಸಾವಿರ ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ ಹಾಗೂ 60 ವರ್ಷ ತುಂಬಿದಾಗ 5 ಲಕ್ಷದ ಇಡುಗಂಟು. ಕಾಯಮಾತಿಗೆ ಅಡ್ಡಿಯಾಗಿ ಸರ್ಕಾರಗಳು ಹಿಡಿಯುವ ಗುರಾಣಿ 2006ರ ಉಮಾದೇವಿ ತೀರ್ಪು. ಅದೂ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. ಆ ಅಡ್ಡಿ ನಿಜವೇ. ಆದರೆ ಸಮಾನ ಕೆಲಸಕ್ಕೆ ಸಮಾನ ವೇತನ ಬೇರೆಯೇ ಪ್ರಶ್ನೆ. 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಾತ್ಕಾಲಿಕ ನೌಕರರಿಗೂ ಅನ್ವಯಿಸಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ವೇತನಶ್ರೇಣಿಯ ಕನಿಷ್ಠ ಮೊತ್ತ ನೀಡುವಂತೆ ಆದೇಶಿಸಿತು.

ಮುಂದಿನ ಮಾತುಕತೆಯಲ್ಲಿ ಸಂಘಟನೆಗಳು ದರಕ್ಕಿಂತ ಮೊದಲು ಗಂಟೆಗಳ ಹಂಚಿಕೆಯನ್ನು ಕೇಳಬೇಕು. ಕೊಳ್ಳೇಗಾಲ, ಹನೂರು, ಯಳಂದೂರನ್ನು ಒಂದೇ ಘಟಕವೆಂದು ಪರಿಗಣಿಸಿ ಕಾರ್ಯಭಾರ ಒಟ್ಟುಗೂಡಿಸಿದರೆ, ಪ್ರಯಾಣ ಭತ್ಯೆ ಕೊಟ್ಟರೆ, ಮೂರನೆಯವರಲ್ಲಿ ಕೆಲವರಾದರೂ ಉಳಿಯುತ್ತಾರೆ. ಅದಕ್ಕೆ ಸಚಿವ ಸಂಪುಟದ ನಿರ್ಣಯ ಬೇಕಿಲ್ಲ; ಇಲಾಖೆಯ ಒಂದು ಸುತ್ತೋಲೆ ಸಾಕು.